ರಕ್ತದ ಚೀಟಿಯೂ ಊಟದ ಗಂಗಾಳವೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಆಸ್ಪತ್ರೆಗಳಲ್ಲಿ ಶುಶ್ರೂಷೆಯನ್ನು ಅಭ್ಯಸಿಸುವ ತರುಣಿಯರಿಗೆ ಬಸುರಿಯ ರಕ್ತಪರೀಕ್ಷೆಯ ಚೀಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಹಿಮೋಗ್ಲೋಬಿನ್ನಿನ ಅಂಕಿ. ಡೆಸಿಲೀಟರಿಗೆ 11 ಗ್ರಾಮಿಗಿಂತ ಕಡಿಮೆಯಾದರೆ ರಕ್ತಹೀನತೆಯೆಂದೂ, 7ಕ್ಕಿಂತ ಇಳಿದರೆ ತೀವ್ರವಾದುದೆಂದೂ ಪಾಠದಲ್ಲಿ ಕಲಿಸುವರು; ಆದರೆ ಗರ್ಭಕಾಲದಲ್ಲಿ ರಕ್ತದ ದ್ರವಾಂಶವು ಕೆಂಪುಕಣಗಳಿಗಿಂತ ಹೆಚ್ಚಾಗಿ ವೃದ್ಧಿಸುವುದರಿಂದ ಆರೋಗ್ಯವಂತಳಲ್ಲಿಯೂ ಅದು ತುಸು ಇಳಿಯುವುದು ಸಹಜವೆಂಬುದನ್ನೂ, ಇಳಿಕೆಯ ಕಾರಣವನ್ನು ಆ ಅಂಕಿಯೊಂದೇ ಹೇಳಲಾರದೆಂಬುದನ್ನೂ ಅಷ್ಟೇ ದೃಢವಾಗಿ ಕಲಿಸಬೇಕೆಂದು ನನ್ನ ಅಭಿಪ್ರಾಯ.

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಸ್ತ್ರೀಯರನ್ನು ಕುರಿತು ನಡೆದು 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆರಿಗೆಯಾದೊಡನೆ ಸಹಾಯಕ ದಾದಿಯರು ಕೊಟ್ಟ ಮಿಸೊಪ್ರೊಸ್ಟಾಲ್ ಗುಳಿಗೆಯು ಅತಿರಕ್ತಸ್ರಾವವನ್ನು ಶೇಕಡಾ 12ರಿಂದ 6.4ಕ್ಕೆ ತಗ್ಗಿಸಿತು. ರಕ್ತಹೀನಳಾಗಿಯೇ ಹೆರಿಗೆಗೆ ಬಂದವಳಿಗೆ, ಬೇರೊಬ್ಬಳು ತಾಳಿಕೊಳ್ಳಬಹುದಾದ ಸ್ರಾವವೂ ಮಾರಕವಾಗಬಲ್ಲುದಾದ್ದರಿಂದ, ದಾದಿಯ ಕೆಲಸವು ಹೆರಿಗೆಗೆ ಎಷ್ಟೋ ತಿಂಗಳು ಮೊದಲೇ, ಆ ಚೀಟಿಯನ್ನು ಓದುವಲ್ಲಿಯೇ ಆರಂಭವಾಗುವುದು.

ಕೆಂಪುಕಣದ ಗಾತ್ರವನ್ನು ತಿಳಿಸುವ ಎಂಸಿವಿ 80ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆಯನ್ನೂ, 100ನ್ನು ಮೀರಿದರೆ ಫೋಲೇಟ್ ಅಥವಾ ಬಿ12ರ ಅಭಾವವನ್ನೂ ಶಂಕಿಸಬೇಕು. ಈ ಎರಡನೆಯ ಬಗೆಯ ರಕ್ತಹೀನತೆಯಿಂದ ಬಳಲುತ್ತಿದ್ದ ಮುಂಬಯಿಯ ಬಸುರಿಯರು ಯೀಸ್ಟಿನ ಸಾರದಿಂದ ಚೇತರಿಸಿಕೊಂಡುದನ್ನು ಲೂಸಿ ವಿಲ್ಸ್ ಎಂಬ ವೈದ್ಯವಿದುಷಿ 1931ರಲ್ಲಿ ಲೋಕಕ್ಕೆ ತಿಳಿಸಿದಳು. ಫೋಲೇಟಿನ ಶೋಧಕ್ಕೆ ಅದೇ ನಾಂದಿಯಾಯಿತು. ಕಬ್ಬಿಣದ ದಾಸ್ತಾನನ್ನು ಸೂಚಿಸುವ ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ಸಂಗ್ರಹವು ಬರಿದಾಗಿದೆಯೆಂದೇ ಅರ್ಥ. ಆದರೆ ಸೋಂಕು ಉರಿಯೂತಗಳಲ್ಲಿ ಅದು ಏರುವುದರಿಂದ, ಜ್ವರಪೀಡಿತಳ ಫೆರಿಟಿನ್ ಸರಿಯಾಗಿದೆಯೆಂದು ನಿಶ್ಚಿಂತರಾಗಲಾಗದು. ಆಲ್ಬುಮಿನ್ ತಗ್ಗಿದೊಡನೆ ರೋಗಿ ಉಣ್ಣಲಿಲ್ಲವೆಂದು ನಿರ್ಣಯಿಸುವುದೂ ತಪ್ಪು; ಯಕೃತ್ತು, ಮೂತ್ರಪಿಂಡಗಳ ವ್ಯಾಧಿಯಿಂದಲೂ ಅದು ತಗ್ಗುವುದು.

ಇನ್ನು ಗಂಗಾಳದ ಮಾತು. ಜೋಳದ ರೊಟ್ಟಿಯಲ್ಲಿ ಕಬ್ಬಿಣವಿದೆ, ಆದರೆ ಧಾನ್ಯದ ಫೈಟೇಟ್ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೈಗೆ ಹತ್ತುವುದು ಅಲ್ಪವೇ. ಮಡಿಕೆಕಾಳನ್ನು ಮೊಳಕೆ ಬರಿಸಿ, ಅದರ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ, ಮೊಳಕೆಯಿಂದ ಫೈಟೇಟ್ ಕುಗ್ಗಿ, ನಿಂಬೆಯ ಸಿ ಜೀವಸತ್ವದಿಂದ ಕಬ್ಬಿಣವು ಸುಲಭವಾಗಿ ಹೀರಲ್ಪಡುವುದು. ಊಟವಾದೊಡನೆ ಕುಡಿಯುವ ಚಹಾ ಈ ಲಾಭವನ್ನು ಬಹುಮಟ್ಟಿಗೆ ಕಸಿದುಕೊಳ್ಳುವುದು. ಆದರೂ ಸ್ಥಾಪಿತವಾದ ಕೊರತೆಯನ್ನು ಆಹಾರವೊಂದೇ ತುಂಬಲಾರದು. ಗುಳಿಗೆ ಬೇಕೇ ಬೇಕು.

ಆದುದರಿಂದ, ವಿದ್ಯಾರ್ಥಿನಿಯರೇ, ಕಬ್ಬಿಣದ ಗುಳಿಗೆಯನ್ನು ಚಹಾದೊಡನೆಯಾಗಲಿ ಕ್ಯಾಲ್ಸಿಯಂ ಗುಳಿಗೆಯೊಡನೆಯಾಗಲಿ ನುಂಗಬಾರದೆಂದು ಆ ತಾಯಿಗೆ ತಿಳಿಯಹೇಳಿರಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಗುಳಿಗೆಯನ್ನು ಮುಂದುವರಿಸಬೇಕೆಂಬುದನ್ನು ಮರೆಯದೆ ಹೇಳಿರಿ.