ಹತ್ತು ಕಿಲೋ ಹಕ್ಕಿ ಮಲಗುವ ಮರ

ಎಂಟು ಹತ್ತು ಕಿಲೋ ತೂಗುವ ಹಕ್ಕಿ ರಾತ್ರಿ ಮಲಗುವುದಕ್ಕೆ ಮರ ಹತ್ತುತ್ತದೆ. ಅದೂ ಕೈಗೆ ಸಿಗುವ ಕೊಂಬೆಗಲ್ಲ, ಕತ್ತು ನೋಯುವಷ್ಟು ತಲೆಯೆತ್ತಿ ನೋಡಬೇಕಾದ ಎತ್ತರಕ್ಕೆ! ಹಗಲಿಡೀ ನೆಲ ಕೆದಕುತ್ತಾ ನಡೆದಾಡುವ ಅಮೆರಿಕದ ಕಾಡು ಟರ್ಕಿ ಕೋಳಿ ಹೊತ್ತು ಮುಳುಗಿದ್ದೇ ತಡ, ರೆಕ್ಕೆ ಬಡಿದು ಓಕ್ ಮರದ ನೆತ್ತಿ ಸೇರಿಬಿಡುತ್ತದೆ. ಮಿಸೌರಿ ರಾಜ್ಯದಲ್ಲಿ ವಸಂತದ ಬೇಟೆ ಶುರುವಾಗುವುದು ಏಪ್ರಿಲ್ ತಿಂಗಳ ಮೂರನೆಯ ಸೋಮವಾರ. ಅದಕ್ಕೆ ಮುಂಚಿನ ವಾರಗಳಲ್ಲಿ ಓಝಾರ್ಕ್ ಗುಡ್ಡಗಳ ಬೇಟೆಗಾರರಿಗೆಲ್ಲ ಒಂದೇ ಗೀಳು: ಆ ಮರ ಯಾವುದು? ಕೋವಿ ಮನೆಯಲ್ಲೇ ಇರುತ್ತದೆ. ಕೊರಳಲ್ಲಿ ದುರ್ಬೀನು, ಕಾಲಿಗೆ ಬೂಟು, ಉಳಿದದ್ದೆಲ್ಲ ಕಿವಿಯ ಕೆಲಸ. ಅಂಥವರ ಹಿಂದೆ ಗುಡ್ಡ ಸುತ್ತಿದ ಮೇಲೆ ನಾನು ಖಂಡಿತವಾಗಿ ಹೇಳಬಲ್ಲೆ, ಈ ಬೇಟೆಯ ಅಸಲಿ ವಿದ್ಯೆ ಇರುವುದು ಆ ಮರವನ್ನು ಪತ್ತೆ ಹಚ್ಚುವುದರಲ್ಲೇ.

ಮರವೇ ಏಕೆ? ಎಲ್ಲ ಅದರ ಕಣ್ಣಿನಿಂದಾಗಿ. ಹಗಲಲ್ಲಿ ಆ ಕಣ್ಣಿಗೆ ಸಾಟಿಯಿಲ್ಲ. ಬಣ್ಣಗಳನ್ನು ಚೆನ್ನಾಗಿ ಗುರುತಿಸುತ್ತದೆ. ಕಣ್ಣುಗಳು ತಲೆಯ ಎರಡು ಪಕ್ಕಕ್ಕಿರುವುದರಿಂದ ಕತ್ತು ತುಸು ಹೊರಳಿಸಿದರೆ ಸುತ್ತಲಿನದೆಲ್ಲ ಕಾಣುತ್ತದೆ. ಪೊದೆಯ ಮರೆಯಲ್ಲಿ ಕೂತವನು ಬೆರಳಾಡಿಸಿದರೂ ಸಾಕು, ಹಕ್ಕಿ ಮಾಯ. ಕತ್ತಲಾಯಿತೋ, ಅದೇ ಕಣ್ಣಿಗೆ ಏನೂ ಸರಿಯಾಗಿ ಕಾಣದು. ನೆಲದ ಮೇಲೆ ನರಿ, ಕಯೋಟಿ, ಬಾಬ್‌ಕ್ಯಾಟ್‌ಗಳು ಓಡಾಡುವ ಹೊತ್ತು ಅದು. ಹಾಗಾಗಿ ಎತ್ತರವೇ ಗತಿ. ನಿದ್ದೆಯಲ್ಲಿ ಜಾರಿ ಬೀಳುವುದಿಲ್ಲವೇ? ಇಲ್ಲ! ಕಾಲು ಮಡಚಿ ಕೂತೊಡನೆ ಕಾಲೊಳಗಿನ ಸ್ನಾಯುರಜ್ಜುಗಳು ಬಿಗಿಯಾಗಿ ಬೆರಳುಗಳನ್ನು ಕೊಂಬೆಗೆ ಸುತ್ತಿಬಿಡುತ್ತವೆ. ಹಕ್ಕಿಯ ಮೈಭಾರವೇ ಅದರ ಹಿಡಿತ! ನಮ್ಮ ಕಡೆ ಮುಸ್ಸಂಜೆಗೆ ನವಿಲುಗಳು ಒಂದೊಂದಾಗಿ ದೊಡ್ಡ ಮರ ಏರುವುದನ್ನು ನೋಡಿದವರಿಗೆ ಈ ದೃಶ್ಯ ಅರ್ಧ ಪರಿಚಿತವೇ. ಎರಡೂ ಒಂದೇ ಕುಟುಂಬದ ಹಕ್ಕಿಗಳು. ಕಾವು ಕೂತ ಹೇಂಟೆಗೆ ಮಾತ್ರ ಮರದ ಆಸರೆಯಿಲ್ಲ. ಅದರ ಗೂಡು ನೆಲದ ಮೇಲೆ. ಮರಿಗಳಿಗೆ ಹಾರಲು ಬರುವವರೆಗೆ, ಸುಮಾರು ಎರಡು ವಾರ, ತಾಯಿ ರಾತ್ರಿಯೆಲ್ಲ ಅವನ್ನು ರೆಕ್ಕೆಯಡಿ ಇಟ್ಟುಕೊಂಡು ನೆಲದಲ್ಲೇ ಕಳೆಯುತ್ತದೆ.

ಹುಡುಕಾಟ ಹಗಲಲ್ಲಿ, ನೆಲ ನೋಡುವುದರಿಂದ ಶುರು. ತರಗೆಲೆ ಕೆದಕಿದ ಗುರುತು ಕಂಡರೆ ಎಲೆಗಳು ಯಾವ ಕಡೆಗೆ ರಾಶಿ ಬಿದ್ದಿವೆ ನೋಡಬೇಕು. ಕೋಳಿ ಎಲೆಯನ್ನು ಹಿಂದಕ್ಕೆ ಎಸೆಯುತ್ತದೆ. ರಾಶಿಗೆ ಎದುರು ದಿಕ್ಕಿನಲ್ಲಿ ಹಿಂಡು ಸಾಗಿದೆ ಎಂದರ್ಥ. ಹಾಗೇ ಸಾಗುತ್ತಾ ಹಳ್ಳದ ಮೇಲಿನ ಇಳಿಜಾರಿನಲ್ಲಿ, ಅಡ್ಡಕೊಂಬೆಗಳು ದಪ್ಪನಾಗಿ ಚಾಚಿದ ಒಂದು ಮುದಿ ಬಿಳಿ ಓಕ್ ಮರದಡಿ ನಿಂತೆವು. ಬುಡದ ಸುತ್ತ ಹಿಕ್ಕೆಯೋ ಹಿಕ್ಕೆ! ಜೊತೆಗಿದ್ದ ಹಿರಿಯ ಬೇಟೆಗಾರರು ಕಡ್ಡಿಯಿಂದ ಒಂದನ್ನು ಹೊರಳಿಸಿ ತೋರಿಸಿದರು: ಉದ್ದಕ್ಕೆ ಇದ್ದು ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿದ್ದರೆ ಹುಂಜದ್ದು, ಸುರುಳಿ ಸುತ್ತಿದ ಉಂಡೆಯಾಗಿದ್ದರೆ ಹೇಂಟೆಯದು. ಪಕ್ಕದಲ್ಲೇ ಒಂದು ಎದೆಗರಿ. ಅಂಚು ಕಡುಗಪ್ಪು, ಅಂದರೆ ಹುಂಜ. ಹೇಂಟೆಯ ಎದೆಗರಿಯ ಅಂಚು ತಿಳಿಗಂದು. ಆ ಗರಿಯನ್ನು ಬಿಸಿಲಿಗೆ ಹಿಡಿದೆ ನೋಡಿ, ಕಪ್ಪು ಅಂದುಕೊಂಡದ್ದರಲ್ಲಿ ತಾಮ್ರ, ಹಸಿರು, ಬಂಗಾರದ ಛಾಯೆಗಳು ಒಂದರ ಮೇಲೊಂದು ಹರಿದಾಡಿದವು! ಇಳಿಜಾರಿನ ಮರವನ್ನು ಆರಿಸುವುದರಲ್ಲೂ ಲೆಕ್ಕವಿದೆ. ದಿಬ್ಬದ ಮೇಲಿನಿಂದ ಹಾರಿದರೆ ಕೆಳಗಿನ ಮರದ ನೆತ್ತಿ ಅಷ್ಟು ದೂರವಾಗುವುದಿಲ್ಲ. ಬೆಳಿಗ್ಗೆ ಇಳಿಯುವಾಗಲೂ ಬಹಳ ಸಲ ಮೇಲಿನ ದಿಬ್ಬಕ್ಕೇ ಇಳಿಯುತ್ತವೆ.

ಆದರೆ ಹಿಕ್ಕೆ ಗರಿಗಳು ಹೇಳುವುದು ಕಳೆದ ರಾತ್ರಿಗಳ ಕಥೆ. ಈ ಹೊತ್ತು ಹಕ್ಕಿ ಎಲ್ಲಿದೆ ಎಂದು ತಿಳಿಯಲು ಸೂರ್ಯ ಮುಳುಗುವುದನ್ನು ಕಾಯಬೇಕು. ದಿಬ್ಬದ ನೆತ್ತಿಯಲ್ಲಿ ಕೂತಿದ್ದೆವು. ಡಾಗ್‌ವುಡ್ ಹೂವಿನ ಬಿಳುಪೂ ಮಸುಕಾಗುತ್ತಿತ್ತು. ಆಗ ಅವರು ಬಾಯಿಗೆ ಅಂಗೈ ಅಡ್ಡ ಹಿಡಿದು ಅಲ್ಲಿನ ಪಟ್ಟೆಗೂಬೆಯಂತೆ ಎಂಟು ಸಲ ಲಯಬದ್ಧವಾಗಿ ಕೂಗಿದರು. ಕೂಗು ಇನ್ನೂ ಮುಗಿದಿಲ್ಲ, ಎದುರು ಕಣಿವೆಯಿಂದ ಗುಳುಗುಳುಗುಳು ಎಂದು ಸಿಡಿದುಬಂತು ಉತ್ತರ! ನನ್ನ ಎದೆ ಧಸಕ್ಕೆಂದಿತು. ವಸಂತದಲ್ಲಿ ಹುಂಜ ತಡೆದುಕೊಳ್ಳಲಾರದು. ಗೂಬೆ, ಕಾಗೆ, ಕಯೋಟಿ, ಗುಡುಗು, ಕಾರಿನ ಬಾಗಿಲು ಹಾಕಿದ ಸದ್ದು, ಯಾವುದು ತಟ್ಟನೆ ಕೇಳಿದರೂ ತನ್ನಷ್ಟಕ್ಕೇ ಕೂಗಿಬಿಡುತ್ತದೆ. ತಾನು ಮಲಗಿರುವ ಜಾಗವನ್ನು ತಾನೇ ಹೇಳಿಬಿಡುತ್ತದಲ್ಲ! ಇನ್ನೊಮ್ಮೆ ಕೂಗಿಸುವ ಆಸೆ ನನಗೆ. ಅವರು ಬೇಡವೆಂದು ಕೈಯಾಡಿಸಿದರು. ಜಾಗ ತಿಳಿದ ಮೇಲೆ ಸದ್ದಿಲ್ಲದೆ ಹಿಂದಿರುಗಬೇಕು. ಕತ್ತಲಲ್ಲಿ ಕೊಂಬೆಯಿಂದ ಎಬ್ಬಿಸಿದರೆ ಹಕ್ಕಿ ಕಣ್ಣು ಕಾಣದೆ ಎಲ್ಲೆಂದರಲ್ಲಿ ಹಾರುತ್ತದೆ, ಆ ಜಾಗವನ್ನೇ ಬಿಟ್ಟುಬಿಡಲೂಬಹುದು.

ಈ ಗುಡ್ಡಗಳಲ್ಲಿ ಆ ಕೂಗು ಹೆಚ್ಚುಕಡಿಮೆ ನಿಂತೇ ಹೋಗಿತ್ತು ಎಂಬುದು ನೆನಪಾದರೆ ಮೈ ಜುಮ್ಮೆನ್ನುತ್ತದೆ. ಮಿತಿಯಿಲ್ಲದ ಬೇಟೆ, ಕಾಡಿನ ನಾಶ ಎರಡೂ ಸೇರಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಹೊತ್ತಿಗೆ ಟರ್ಕಿ ಎಷ್ಟೋ ರಾಜ್ಯಗಳಿಂದ ಕಣ್ಮರೆಯಾಗಿತ್ತು. ಫಾರಂನಲ್ಲಿ ಸಾಕಿದ ಕೋಳಿಗಳನ್ನು ತಂದು ಕಾಡಿಗೆ ಬಿಟ್ಟರು. ಅವಕ್ಕೆ ಕಾಡು ಗೊತ್ತಿರಲಿಲ್ಲ, ಬದುಕಲಿಲ್ಲ. 1951ರಲ್ಲಿ ದಕ್ಷಿಣ ಕೆರೊಲಿನಾದ ಫ್ರಾನ್ಸಿಸ್ ಮೇರಿಯನ್ ಕಾಡಿನಲ್ಲಿ ದಾರಿ ಸಿಕ್ಕಿತು: ಮೇಯುತ್ತಿರುವ ಕಾಡು ಕೋಳಿಗಳ ಮೇಲೆ ಸಣ್ಣ ಫಿರಂಗಿಗಳಿಂದ ಬಲೆ ಹಾರಿಸಿ ಹಿಡಿಯುವುದು, ಜೀವಂತವಾಗಿ ಬೇರೆ ಕಾಡಿಗೆ ಒಯ್ಯುವುದು. ಮಿಸೌರಿಯಲ್ಲಿ 1954ರಿಂದ ಹೀಗೆ ಹಿಡಿದು ಬಿಡುವ ಕೆಲಸ ನಡೆಯಿತು, 1960ರಲ್ಲಿ ಮತ್ತೆ ಬೇಟೆಗೆ ಅನುಮತಿ ಸಿಕ್ಕಿತು. ಕೆಲವು ರಾಜ್ಯಗಳಲ್ಲಿ ಈಚೆಗೆ ಸಂಖ್ಯೆ ಇಳಿಯುತ್ತಿದ್ದರೂ ಇಡೀ ದೇಶದಲ್ಲಿ ಈಗ ಸುಮಾರು 60 ಲಕ್ಷ ಕಾಡು ಟರ್ಕಿಗಳಿವೆ ಎಂದು ಅಂದಾಜು.

ಊರೂರಿಗೆ ಮಲಗುವ ಮರವೂ ಬೇರೆ. ಟೆಕ್ಸಸ್‌ನ ಬಯಲು ಸೀಮೆಯಲ್ಲಿ ದೊಡ್ಡ ಮರಗಳೇ ವಿರಳ. ಅಲ್ಲಿನ ರಿಯೋ ಗ್ರಾಂಡೆ ತಳಿ ಹೊಳೆದಂಡೆಯ ಅದೇ ಮರಗಳಿಗೆ ವರ್ಷಗಟ್ಟಲೆ ಮರಳುತ್ತದೆ. ಫ್ಲಾರಿಡಾದ ಆಸಿಯೋಲಾ ತಳಿ ಜೌಗಿನ ಸೈಪ್ರೆಸ್ ಮರದಲ್ಲಿ, ಕೆಳಗೆ ನೀರೇ ನೀರಿರುವ ಕಡೆ ಕೂರುತ್ತದೆ. ಶತ್ರು ಬಂದರೆ ನೀರಿನ ಸದ್ದಾಗದೇ ಇರದು. ಓಝಾರ್ಕ್‌ನ ಪೂರ್ವದ ತಳಿಗೆ ಕಾಡೆಲ್ಲ ಮರ, ಇವತ್ತು ಇಲ್ಲಿ, ನಾಳೆ ಅಲ್ಲಿ. ಚಳಿಗಾಲದ ದೊಡ್ಡ ಹಿಂಡು ವಸಂತಕ್ಕೆ ಒಡೆದು ಚೆದುರುವುದರಿಂದ ಜನವರಿಯಲ್ಲಿ ಕಂಡ ಮರ ಏಪ್ರಿಲ್‌ನಲ್ಲಿ ಖಾಲಿ ಇರಬಹುದು.

ಬೇಟೆಯ ಮೊದಲ ದಿನ ಕತ್ತಲಿರುವಾಗಲೇ ಹೋಗಿ ಆ ಮರದಿಂದ ನೂರು ಗಜವೋ ಇನ್ನೂ ಹೆಚ್ಚೋ ದೂರದಲ್ಲಿ ಕೂರುತ್ತಾರೆ. ಕೊಂಬೆ ಮೇಲೆ ಮಲಗಿದ ಹಕ್ಕಿಗೆ ಗುಂಡು ಹಾರಿಸುವುದನ್ನು ಮಾನವಂತ ಬೇಟೆಗಾರ ಮಾಡುವುದಿಲ್ಲ, ಅದು ನನಗೆ ಬಹಳ ಹಿಡಿಸಿತು. ಬೆಳಕು ಹರಿಯುವ ಮುಂಚೆ ಹುಂಜ ಮರದಿಂದಲೇ ಕೂಗುತ್ತದೆ, ಹೇಂಟೆಗಳು ತನ್ನ ಬಳಿ ಬರಲಿ ಎಂದು. ಬೇಟೆಗಾರ ಹೇಂಟೆಯ ದನಿ ಹೊರಡಿಸಿ ಹುಂಜವನ್ನೇ ತನ್ನತ್ತ ಕರೆಯುತ್ತಾನೆ. ಪ್ರಕೃತಿಯ ಕ್ರಮವನ್ನೇ ತಿರುಗಿಸುವ ಕೆಲಸ! ಎಷ್ಟೋ ಸಲ ಅದು ಫಲಿಸುವುದಿಲ್ಲ. ನಿಜವಾದ ಹೇಂಟೆಗಳು ಕೆಳಗಿಳಿದು ಹುಂಜವನ್ನು ಬೇರೆ ದಿಕ್ಕಿಗೆ ಕರೆದೊಯ್ಯುತ್ತವೆ. ಸರ್ಕಾರಿ ಕಾಡುಗಳಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಬೇಟೆ ಬಂದ್. ಆಗ ಕೋವಿಯನ್ನು ಮನೆಯಲ್ಲಿಟ್ಟು, ಸಂಜೆ ಮತ್ತೆ ದಿಬ್ಬ ಹತ್ತಿ ಗೂಬೆ ಕೂಗಿಗೆ ಯಾವ ಮರ ಓಗೊಡುತ್ತದೋ ಎಂದು ಕಿವಿಗೊಡುತ್ತಾರೆ.