ಗುಳಿಗೆಯ ಮೇಲಿನ ಅಪವಾದ

1989ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೂಯಿವಿಲ್ ನಗರದ ಮುದ್ರಣಾಲಯವೊಂದಕ್ಕೆ, ಅನಾರೋಗ್ಯದಿಂದ ರಜೆಯಲ್ಲಿದ್ದ ಅಲ್ಲಿಯ ನೌಕರನೊಬ್ಬನು ಬಂದೂಕು ಹಿಡಿದು ಬಂದು, 8 ಮಂದಿಯನ್ನು ಕೊಂದು, 12 ಮಂದಿಯನ್ನು ಗಾಯಗೊಳಿಸಿ, ಕಡೆಗೆ ತನ್ನ ಪ್ರಾಣವನ್ನೂ ನೀಗಿಕೊಂಡನು. ಅವನು ಫ್ಲೂಆಕ್ಸೆಟೀನ್ ಎಂಬ ಖಿನ್ನತಾನಿವಾರಕ ಔಷಧವನ್ನು ಸೇವಿಸುತ್ತಿದ್ದನೆಂಬ ಸಂಗತಿ ಹೊರಬಿದ್ದಂದಿನಿಂದ, ಮನೋರೋಗದ ಗುಳಿಗೆಯು ಸೌಮ್ಯನನ್ನೂ ಘಾತುಕನನ್ನಾಗಿ ಮಾಡಬಲ್ಲುದೆಂಬ ನಂಬಿಕೆಯು ಅಲ್ಲಿ ಬೇರೂರಿತು. ಹತ್ಯಾಕಾಂಡ ನಡೆದಾಗಲೆಲ್ಲ ಅದು ಹೊಸದಾಗಿ ಚಿಗುರುತ್ತದೆ.

ಕಾಗೆ ಕುಳಿತ ಕ್ಷಣದಲ್ಲಿಯೇ ತಾಳೆಯ ಹಣ್ಣು ಬಿದ್ದರೆ, ಬೀಳಿಸಿದುದು ಕಾಗೆಯೇ ಎಂದೆಣಿಸುವ ಭ್ರಾಂತಿಯನ್ನು ನಮ್ಮ ಹಿರಿಯರು ಕಾಕತಾಳೀಯವೆಂದರು. ಇಲ್ಲಿಯ ಭ್ರಾಂತಿ ಅದಕ್ಕಿಂತಲೂ ಸೂಕ್ಷ್ಮವಾದುದು. ಏಕೆಂದರೆ ಹಣ್ಣು ಕಳಿತಿರುವುದನ್ನು ಕಂಡೇ ಕಾಗೆ ಬಂದಿರುವುದುಂಟು. ಲೂಯಿವಿಲ್ಲಿನ ಆ ಮನುಷ್ಯನು ವರ್ಷಗಟ್ಟಲೆ ರೋಗದಿಂದ ನರಳಿದವನು, ಹಿಂದೆ ಆತ್ಮಹತ್ಯೆಗೂ ಯತ್ನಿಸಿದವನು. ಚಿತ್ತವು ಅಷ್ಟು ಕದಡಿದ್ದುದರಿಂದಲೇ ವೈದ್ಯನು ಔಷಧವನ್ನು ಕೊಟ್ಟುದು. 1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಕೂಡಿ ಹತ್ಯೆಗೈದ ಇಬ್ಬರು ಹುಡುಗರಲ್ಲಿ ಒಬ್ಬನ ರಕ್ತದಲ್ಲಿ ಅಂತಹ ಔಷಧವು ದೊರೆತುದನ್ನು ಎಲ್ಲರೂ ಹೇಳುತ್ತಾರೆ. ಮತ್ತೊಬ್ಬನ ರಕ್ತದಲ್ಲಿ ಏನೂ ಇರಲಿಲ್ಲವೆಂಬುದನ್ನು ಹೇಳುವವರು ವಿರಳ.

ಹಾಗಾದರೆ ಸತ್ಯವನ್ನು ಅರಿಯುವ ಬಗೆ ಯಾವುದು? ಔಷಧ ಸೇವಿಸುವವರನ್ನು ಸೇವಿಸದವರೊಡನೆ ಹೋಲಿಸಿದರೆ ರೋಗಿಯನ್ನು ನಿರೋಗಿಯೊಡನೆ ಹೋಲಿಸಿದಂತಾದೀತು. ಆದುದರಿಂದ ಸ್ವೀಡನ್ನಿನ ಸಂಶೋಧಕರು ಒಬ್ಬನೇ ವ್ಯಕ್ತಿಯು ಔಷಧದಲ್ಲಿದ್ದ ಕಾಲವನ್ನು ಅವನೇ ಔಷಧವಿಲ್ಲದಿದ್ದ ಕಾಲದೊಡನೆ ತೂಗಿ ನೋಡಿದರು. 2006ರಿಂದ 2009ರವರೆಗೆ 82,647 ಮಂದಿಯನ್ನು ಕುರಿತು ನಡೆದ ಆ ಪರಿಶೀಲನೆಯಲ್ಲಿ, ಚಿತ್ತವಿಕಲತೆಯ ಔಷಧವನ್ನು ಸೇವಿಸುತ್ತಿದ್ದಾಗ ಹಿಂಸಾಪರಾಧಗಳು ಶೇಕಡಾ 45ರಷ್ಟೂ, ಮನಸ್ಸಿನ ಏರಿಳಿತವನ್ನು ಹದಗೊಳಿಸುವ ಔಷಧವನ್ನು ಸೇವಿಸುತ್ತಿದ್ದಾಗ ಶೇಕಡಾ 24ರಷ್ಟೂ ತಗ್ಗಿದ್ದುವು. ಲೋಕವು ಯಾವುದನ್ನು ಕಿಡಿಯೆಂದು ದೂರುತ್ತಿದೆಯೋ ಅದು ಬಹುಮಂದಿಯ ಪಾಲಿಗೆ ನೀರಾಗಿದ್ದಿತು.

ಆದರೆ ಔಷಧವು ಸರ್ವಥಾ ನಿರ್ದೋಷಿಯೆಂಬುದೂ ಸತ್ಯವಲ್ಲ. ಈ ಎರಡನೆಯ ಮಾತನ್ನು ಮರೆಮಾಚುವುದರಿಂದಲೇ ಮೊದಲನೆಯ ಅಪವಾದಕ್ಕೆ ಬಲ ಬರುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ. ಖಿನ್ನತಾನಿವಾರಕಗಳನ್ನು ಕುರಿತು 2015ರಲ್ಲಿ ಸ್ವೀಡನ್ನಿನಿಂದಲೇ ಪ್ರಕಟವಾದ, ಎಂಟು ಲಕ್ಷಕ್ಕೂ ಮಿಕ್ಕ ಜನರ ಅಧ್ಯಯನದಲ್ಲಿ, 15ರಿಂದ 24 ವಯಸ್ಸಿನವರಲ್ಲಿ ಹಿಂಸಾಪರಾಧದ ಸಂಭವವು ಔಷಧದ ಕಾಲದಲ್ಲಿ ಶೇಕಡಾ 43ರಷ್ಟು ಹೆಚ್ಚಿದ್ದಿತು. ಅದಕ್ಕೆ ಮೇಲ್ಪಟ್ಟ ವಯಸ್ಸಿನವರಲ್ಲಿ ಅಂತಹ ಸಂಬಂಧವು ಸ್ಪಷ್ಟವಾಗಿ ಕಾಣಲಿಲ್ಲ. ಇದು ಗುಳಿಗೆಯ ಕೃತ್ಯವೋ, ಪೂರ್ತಿ ಶಮನವಾಗದ ರೋಗದ ಕೃತ್ಯವೋ ಆ ಅಂಕಿಯೊಂದರಿಂದಲೇ ನಿರ್ಣಯವಾಗದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2004ರಲ್ಲಿ ಮಕ್ಕಳ ವಿಷಯದಲ್ಲಿಯೂ, 2007ರಲ್ಲಿ 24 ವರ್ಷದವರೆಗಿನ ತರುಣರ ವಿಷಯದಲ್ಲಿಯೂ ಕೊಟ್ಟ ಕಟ್ಟೆಚ್ಚರಿಕೆಯಾದರೋ ಆತ್ಮಹತ್ಯೆಯ ಯೋಚನೆಗೆ ಸಂಬಂಧಿಸಿದುದು, ಪರಹತ್ಯೆಗಲ್ಲ. ಈ ಎರಡನ್ನೂ ಬೆರೆಸಿ ಹೇಳುವುದು ವಾಡಿಕೆಯಾಗಿಬಿಟ್ಟಿದೆ.

ಜನರ ಸಂಶಯಕ್ಕೆ ಇನ್ನೊಂದು ಬೇರೂ ಉಂಟು. ಲೂಯಿವಿಲ್ಲಿನ ಹತ್ಯಾಕಾಂಡದ ಸಂಬಂಧವಾಗಿ ಆ ಔಷಧದ ತಯಾರಕರ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ, 1994ರಲ್ಲಿ ಪಂಚಾಯತರು (ಜ್ಯೂರಿ) ಅವರನ್ನು ನಿರ್ದೋಷಿಗಳೆಂದರು. ತೀರ್ಪಿಗೆ ಮೊದಲೇ ಉಭಯ ಪಕ್ಷಗಳೂ ಗುಟ್ಟಾಗಿ ಹಣದ ಒಪ್ಪಂದ ಮಾಡಿಕೊಂಡಿದ್ದುದು ಆಮೇಲೆ ಬಯಲಾಯಿತು. ಇಂತಹ ಗೋಪ್ಯವು ವಿಜ್ಞಾನದ ಮೇಲಿನ ವಿಶ್ವಾಸಕ್ಕೆ ತಂದ ಹಾನಿ ಅಲ್ಪವಲ್ಲ.

ನನ್ನನ್ನು ಕಳವಳಕ್ಕೀಡುಮಾಡುವುದು, ಇಂತಹ ವಾರ್ತೆಯನ್ನೋದಿ ಹೆದರಿದ ಮನೆಯವರು ರೋಗಿಯ ಗುಳಿಗೆಗಳನ್ನು ಒಮ್ಮೆಗೇ ನಿಲ್ಲಿಸಿಬಿಡುವ ಸಂಭವ. ಹಠಾತ್ತನೆ ಬಿಟ್ಟಾಗ ಸಿಡುಕು, ತಲೆಸುತ್ತು, ನಿದ್ರಾಭಂಗಗಳು ತಲೆದೋರುತ್ತವೆ, ಹಳೆಯ ರೋಗವೂ ಮರುಕಳಿಸಬಹುದು. ಕಣ್ಣಿಟ್ಟು ಕಾಯಬೇಕಾದುದು ಚಿಕಿತ್ಸೆಯ ಮೊದಲ ವಾರಗಳನ್ನೂ, ಪ್ರಮಾಣವನ್ನು ಏರಿಸಿದ ಇಲ್ಲವೆ ಇಳಿಸಿದ ದಿನಗಳನ್ನೂ. ಆಗ ರೋಗಿಯು ಒಂದೆಡೆ ಕೂರಲಾರದೆ ಚಡಪಡಿಸಿದರೆ, ರಾತ್ರಿಯೆಲ್ಲ ಎಚ್ಚರವಿದ್ದು ಎಂದೂ ಇಲ್ಲದ ಉದ್ರೇಕವನ್ನು ತೋರಿದರೆ, ಅದನ್ನು ಆ ದಿನವೇ ವೈದ್ಯನಿಗೆ ತಿಳಿಸತಕ್ಕದ್ದು. ಪ್ರಮಾಣವನ್ನು ತಗ್ಗಿಸುವುದಕ್ಕೂ ಔಷಧವನ್ನು ಬದಲಿಸುವುದಕ್ಕೂ ಅವನಲ್ಲಿ ಮಾರ್ಗಗಳಿವೆ.