ಒಂದೇ ಕೇಬಲ್, ಎರಡು ಟಿವಿ: ನಡೆಯುತ್ತಾ?

ಹಾಲ್‌ನಲ್ಲಿ ಅಮ್ಮನ ಧಾರಾವಾಹಿ, ಒಳಗಿನ ಕೋಣೆಯಲ್ಲಿ ಮಗನ ಕ್ರಿಕೆಟ್. ಕೇಬಲ್ ಕನೆಕ್ಷನ್ ಮಾತ್ರ ಒಂದೇ. ನಡೆಯುತ್ತಾ?

ಹೊಸಪೇಟೆ, ಕಂಪ್ಲಿ, ಸಂಡೂರಲ್ಲಿ ಹಿಂದೆ ಆರಾಮಾಗಿ ನಡೀತಿತ್ತು. ಒಂದು ಸ್ಪ್ಲಿಟರ್ ತಂದು, ಕಿಟಕಿ ಸಂದಿಯಿಂದ ವೈರ್ ಎಳೆದರೆ ಮುಗೀತು. ಅದು ಅನಲಾಗ್ ಕಾಲ. ಚಾನೆಲ್ ಎಲ್ಲಾ ವೈರಲ್ಲೇ ಬರ್ತಿತ್ತು, ಆರಿಸೋ ಕೆಲಸ ಟಿವಿಯದ್ದು. 2017ರ ಹೊತ್ತಿಗೆ ಡಿಜಿಟಲ್ ಕಡ್ಡಾಯ ಆಯ್ತು ನೋಡ್ರಿ, ಆಟ ಬದಲಾಯ್ತು. ಈಗ ಬರೋದು ಬೀಗ ಹಾಕಿದ ಸಿಗ್ನಲ್. ಬೀಗ ತೆಗೆಯೋದು ಸೆಟ್‌ಟಾಪ್ ಬಾಕ್ಸ್, ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಚಾನೆಲ್.

ಬಾಕ್ಸ್ ಆದ ಮೇಲೆ ಎಚ್‌ಡಿಎಂಐ ಸ್ಪ್ಲಿಟರ್ ಹಾಕಿದ್ರೆ ಎರಡೂ ಟಿವಿಯಲ್ಲಿ ಅಮ್ಮನ ಧಾರಾವಾಹಿನೇ. ರಿಮೋಟ್ ಯಾರ ಕೈಲಿದೆ ಅಂತ ಹೇಳಬೇಕಾ? ಬೇರೆ ಬೇರೆ ಚಾನೆಲ್ ಬೇಕಂದ್ರೆ ಬಾಕ್ಸ್‌ಗೂ ಮೊದಲೇ ವೈರ್ ಕವಲು ಮಾಡಿ, ಎರಡನೇ ಬಾಕ್ಸ್ ತಗೋಬೇಕು.

ಕವಲು ಪುಕ್ಕಟೆ ಅಲ್ಲ. ಎರಡು ದಾರಿಯ ಸ್ಪ್ಲಿಟರ್‌ನಲ್ಲಿ ಪ್ರತಿ ದಾರಿಗೆ ಸುಮಾರು 3.5 ಡೆಸಿಬೆಲ್ ನಷ್ಟ, ಅಂದ್ರೆ ಅರ್ಧಕ್ಕಿಂತ ಕಡಿಮೆ ಶಕ್ತಿ. ನಾಲ್ಕು ದಾರಿಯದ್ದಾದ್ರೆ ಸುಮಾರು 7. ಹಂಪಿ ಹೋಂಸ್ಟೇಗಳಲ್ಲಿ ಕೋಣೆಗೊಂದು ಟಿವಿ ಇಡೋರು ಸ್ಪ್ಲಿಟರ್ ಹಿಂದೆ ಸ್ಪ್ಲಿಟರ್ ಸಿಕ್ಕಿಸಬೇಡಿ. ಕೊನೇ ಕೋಣೆಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ. ಆಂಪ್ಲಿಫೈಯರ್ ಹಾಕೋದಾದ್ರೆ ಕವಲಿಗಿಂತ ಮೊದಲು. ಸಿಗ್ನಲ್ ಸೊರಗಿದ ಮೇಲೆ ಹಾಕಿದ್ರೆ ಗದ್ದಲವೂ ಜೊತೆಗೇ ಬೆಳೆಯುತ್ತೆ.

ದುಡ್ಡು? 2020ರಲ್ಲಿ ನಿಯಂತ್ರಣ ಸಂಸ್ಥೆ ಟ್ರಾಯ್, ಎರಡನೇ ಟಿವಿಯಿಂದ ನೆಟ್‌ವರ್ಕ್ ಶುಲ್ಕ ಮೊದಲ ಟಿವಿಯದ್ದರ ಶೇ. 40 ಮೀರಬಾರದು ಅಂದಿತ್ತು. 2024ರಲ್ಲಿ ಆ ಶುಲ್ಕದ ಮಿತಿಯನ್ನೇ ತೆಗೆದುಹಾಕ್ತು. ಹಾಗಾಗಿ ಎರಡನೇ ಬಾಕ್ಸ್‌ಗೆ ತಿಂಗಳಿಗೆ ಎಷ್ಟು ಅಂತ ಕೇಬಲ್‌ನವರನ್ನ ಕೇಳಿ, ಚೌಕಾಸಿ ಮಾಡಿ, ಆಮೇಲೆ ವೈರ್ ಕತ್ತರಿಸಿ.